ಸೊನ್ನೆಗೆ ಬಂದ ಗೆರೆ

ನಮ್ಮ ಲ್ಯಾಬಿನಲ್ಲಿ ದಿನ ಶುರುವಾಗುತ್ತಿದ್ದದ್ದು ಅಕ್ಕನ ಬೆರಳಿನಿಂದ. ಅವರು ಬೆಳಿಗ್ಗೆ ಬಂದು, ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಕೈ ತೊಳೆದು ಒರೆಸಿಕೊಂಡು, ಎಡಗೈಯ ಉಂಗುರಬೆರಳನ್ನು ನನ್ನ ಮುಂದೆ ಚಾಚುತ್ತಿದ್ದರು. ನಾನು ಸೂಜಿಯಿಂದ ಚುಚ್ಚುತ್ತಿದ್ದೆ. ಒಂದು ಹನಿ ರಕ್ತ ಸ್ಟ್ರಿಪ್ಪಿನ ಮೇಲಿನ ಪುಟ್ಟ ಕುಳಿಯೊಳಗೆ ಬೀಳುತ್ತಿತ್ತು. ಆ ಸ್ಟ್ರಿಪ್ಪಿನಲ್ಲಿ ರೋಗದ ಗೆರೆ ಮೂಡಬಾರದು. ಮೂಡದಿದ್ದರೆ ನಮ್ಮ ಕೆಲಸ ಸರಿಯಾಗಿದೆ ಎಂದು ಅರ್ಥ. ಆಮೇಲೆ ಚಹಾ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಉಳ್ಳಾಲದ ಮೀನುಗಾರ ಕುಟುಂಬದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಬಹಳ ಕಾಲ ದುಡಿದು ನಮ್ಮಲ್ಲಿಗೆ ಬಂದವರು. ಊರಿನಲ್ಲಿ ತಮ್ಮನ ಬೋಟು ಇದೆ. ನನ್ನದು ಉರ್ವದ ಮನೆ. ಅಜ್ಜನ ಕಾಲದಲ್ಲಿ ಗದ್ದೆ, ಅಪ್ಪನ ಕಾಲದಲ್ಲಿ ಗಲ್ಫ್, ನನ್ನ ಕಾಲದಲ್ಲಿ ಈ ಲ್ಯಾಬು. ಅಕ್ಕ ಮತ್ತು ನಾನು ಇಬ್ಬರೇ ಇದ್ದಾಗ ಮಾತೆಲ್ಲ ತುಳುವಿನಲ್ಲಿ. ಮೂರನೆಯವರು ನಮ್ಮ ಮುಖ್ಯಸ್ಥರು, ಸರ್. ಮೈಸೂರಿನ ಕಡೆಯವರು, ಮಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ತುಳುವಿನಲ್ಲಿ ಊಟವಾಯಿತೇ ಎಂದು ಕೇಳುವುದಕ್ಕಿಂತ ಮುಂದೆ ಹೋಗಿಲ್ಲ. ಹಾಗಾಗಿ ಲ್ಯಾಬಿನ ಭಾಷೆ ಕನ್ನಡ.

ಕುಲಶೇಖರಕ್ಕೆ ಹೋಗುವ ರಸ್ತೆಯ ಬದಿಯ ಹಳೆಯ ಕಟ್ಟಡ ಅದು. ಕೆಳಗೆ ಬೇಕರಿ, ನಡುವೆ ಹೊಲಿಗೆ ಕ್ಲಾಸು, ಮೂರನೇ ಮಾಳಿಗೆಯಲ್ಲಿ ನಾವು. ಲಿಫ್ಟ್ ಇಲ್ಲ. ಮೆಟ್ಟಿಲುಗಳು ಕಡಿದು. ನಡುವಿನ ತಿರುವಿನಲ್ಲಿ ಒಂದು ಕಿಟಕಿ ಇದೆ. ಅಕ್ಕ ಬಸ್ಸಿಳಿದು ಬಂದು ಆ ತಿರುವಿನಲ್ಲಿ ನಿಂತು ದಿನವೂ ಫೋನಿನಲ್ಲಿ ಮಾತಾಡುತ್ತಿದ್ದರು. ತಮ್ಮನ ಜೊತೆ ಮೀನಿನ ರೇಟು, ಡೀಸೆಲ್, ಬಲೆ ರಿಪೇರಿ ಎಂದು ನಾವು ತಿಳಿದಿದ್ದೆವು. ಬೋಟಿನ ಅರ್ಧ ವ್ಯವಹಾರ ನಮ್ಮ ಮೆಟ್ಟಿಲಲ್ಲೇ ನಡೆಯುತ್ತದೆ ಎಂದು ಸರ್ ತಮಾಷೆ ಮಾಡುತ್ತಿದ್ದರು.

ಆ ತಮ್ಮನ ಗಂಟಲು ನನಗೆ ಚೆನ್ನಾಗಿ ಗೊತ್ತು. ಎಂಜಿನ್ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು. ಮಧ್ಯಾಹ್ನ ಊಟದ ಹೊತ್ತಿಗೆ ಅವನ ಫೋನು ಬಂದರೆ ಸ್ಪೀಕರ್ ಹಾಕದೆಯೇ ನಮಗೆಲ್ಲ ಕೇಳಿಸುತ್ತಿತ್ತು. ಅಕ್ಕ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಮಾತಾಡುತ್ತಿದ್ದರು.

ನಾವು ಮಾಡುತ್ತಿದ್ದದ್ದು ಇಷ್ಟು. ಹೃದಯಕ್ಕೆ ಭಾರ ಹೆಚ್ಚಾಗಿ ಅದರ ಗೋಡೆ ಎಳೆದಂತಾದಾಗ, ಅದು ರಕ್ತಕ್ಕೆ ಒಂದು ವಸ್ತುವನ್ನು ಬಿಡುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಅಳೆಯುವ ಯಂತ್ರ ಉಂಟು. ಆದರೆ ಘಟ್ಟದ ಬುಡದ ಯಾವುದೋ ಊರಿನಲ್ಲಿ ಒಬ್ಬರಿಗೆ ಏದುಸಿರು ಬಂದರೆ, ಅದು ದಮ್ಮೋ ಗ್ಯಾಸೋ ಅಥವಾ ಹೃದಯವೋ ಎಂದು ಅಲ್ಲಿನ ಡಾಕ್ಟರು ಹೇಗೆ ಹೇಳಬೇಕು? ಓಮದ ನೀರು ಕುಡಿದು, ಸೋಡಾ ಕುಡಿದು, ಎದೆಗೆ ಬಾಮ್ ಹಚ್ಚಿಕೊಂಡು ಕಾದವರು ನಮ್ಮ ಕಡೆ ಮನೆಗೊಬ್ಬರಾದರೂ ಇದ್ದಾರೆ. ಬೆರಳಿನ ಒಂದು ಹನಿ ರಕ್ತದಲ್ಲಿ, ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ, ಇವರನ್ನು ಇವತ್ತೇ ಮಂಗಳೂರಿಗೆ ಕಳಿಸಬೇಕೇ ಎಂದು ಹೇಳುವ ಸ್ಟ್ರಿಪ್ ಮಾಡಬೇಕೆಂಬುದು ನಮ್ಮ ಹಟ.

ನೋಡಲು ಏನೂ ಅಲ್ಲದ ವಸ್ತು. ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಯೊಳಗೆ ಬಿಳಿಯ ಕಾಗದದಂಥ ಒಂದು ಪಟ್ಟಿ. ಮೇಲಿನ ಗೆರೆ ಯಾವಾಗಲೂ ಮೂಡಬೇಕು. ಸ್ಟ್ರಿಪ್ ಕೆಲಸ ಮಾಡಿದೆ ಎನ್ನಲು. ಕೆಳಗಿನ ಗೆರೆ ರೋಗದ್ದು. ಹೃದಯ ಬಿಟ್ಟ ವಸ್ತು ರಕ್ತದಲ್ಲಿ ಹೆಚ್ಚಾಗಿದ್ದರೆ ಅದು ಅಲ್ಲಿ ಸಿಕ್ಕಿಕೊಂಡು ಕೆಂಪಾಗಿ ಕಾಣುತ್ತದೆ. ಈ ಗೆರೆಗಳನ್ನು ಕಣ್ಣಿಗೆ ಕಾಣದ ದ್ರವದಲ್ಲಿ ಪಟ್ಟಿಯ ಮೇಲೆ ಎಳೆಯುವ ಯಂತ್ರ ಅಕ್ಕನ ಕೈಯಲ್ಲಿತ್ತು. ನಾನು ಎಳೆದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅವರು ಎಳೆದರೆ ಗೆರೆ ಎಂದರೆ ಗೆರೆ.

ಇಂಥ ಕೆಲಸಕ್ಕೆ ಒಂದು ಸೊನ್ನೆ ಬೇಕು. ರೋಗ ಇಲ್ಲದ ರಕ್ತ ಹೇಗೆ ಕಾಣುತ್ತದೆ ಎಂದು ಗೊತ್ತಿಲ್ಲದಿದ್ದರೆ ರೋಗ ಇರುವ ರಕ್ತದ ಬಗ್ಗೆ ಏನು ಹೇಳುವುದು? ಮೊದಲ ವರ್ಷ ನಾವು ಮೂವರೂ ದೊಡ್ಡ ಆಸ್ಪತ್ರೆಯೊಂದರ ಯಂತ್ರಕ್ಕೆ ರಕ್ತ ಕೊಟ್ಟಿದ್ದೆವು. ಸರ್‌ಗೆ ಬಿಪಿ, ಅವರದು ಸ್ವಲ್ಪ ಮೇಲೆ. ನನ್ನದು ಪರವಾಗಿಲ್ಲ. ಅಕ್ಕನದು ಎಲ್ಲರಿಗಿಂತ ಕೆಳಗೆ. "ಮೀನು ತಿಂದ ಜೀವ, ನಿಮ್ಮ ಹಾಗೆ ಅಲ್ಲ," ಎಂದು ಅವರು ಆವತ್ತು ಇಡೀ ದಿನ ನಮ್ಮನ್ನು ಗೇಲಿ ಮಾಡಿದರು. ಅಂದಿನಿಂದ ಅಕ್ಕನೇ ನಮ್ಮ ಸೊನ್ನೆ. ಕಾಗದದ ಮೇಲೆ ಒಪ್ಪಿಗೆಗೆ ಸಹಿ ಹಾಕಿದ್ದರು, ಆದರೆ ಅವರು ಬೆರಳು ಚಾಚುತ್ತಿದ್ದದ್ದು ಸಹಿಯ ಕಾರಣಕ್ಕಲ್ಲ, ಹೆಮ್ಮೆಯ ಕಾರಣಕ್ಕೆ. ಒಂದು ದಿನ ರಜೆ ಹಾಕಬೇಕಾದರೂ "ನಾಳೆ ನಿಮಗೆ ಸೊನ್ನೆ ಇಲ್ಲ" ಎಂದು ಹೇಳಿ ಹೋಗುತ್ತಿದ್ದರು.

ಕಳೆದ ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಸೊನ್ನೆಗೆ ಗೆರೆ ಬಂತು.

ತೀರಾ ತೆಳು. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವಂಥದ್ದು. ಅಕ್ಕನೇ ಮೊದಲು ನೋಡಿದ್ದು. "ಇದೆಂತ, ಇವತ್ತು ನನಗೆ ಪಾಸಿಟಿವ್?" ಎಂದು ನಕ್ಕರು. ನಾನೂ ನಕ್ಕೆ. ಮರುದಿನವೂ ಬಂತು. ಅದರ ಮರುದಿನವೂ. ಆಗ ನನ್ನ ನಗು ನಿಂತಿತು. ನಮಗೆ ಹಣ ಕೊಟ್ಟವರು ದಸರಾ ಕಳೆದು ಬಂದು ಕೆಲಸ ನೋಡುವವರಿದ್ದರು. ಆರೋಗ್ಯವಾಗಿರುವವರಿಗೂ ಗೆರೆ ತೋರಿಸುವ ಸ್ಟ್ರಿಪ್ಪನ್ನು ಯಾರು ಕೊಳ್ಳುತ್ತಾರೆ? ಆ ಗೆರೆ ಸುಳ್ಳಾದರೆ ನಮ್ಮ ಮೂರು ವರ್ಷ ನೀರಿಗೆ ಹೋದ ಹಾಗೆ. ನಿಜವಾದರೆ ಏನು ಹೋಗುತ್ತದೆ ಎಂದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮೊದಲು ಮಳೆಯ ಮೇಲೆ ಹರಿಹಾಯ್ದೆ. ಮಂಗಳೂರಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಬೀರುವಿನ ಸೀರೆಗೆ ಬೂಷ್ಟು ಹಿಡಿಯುತ್ತದೆ, ಇನ್ನು ಕಾಗದದ ಪಟ್ಟಿಯ ಗತಿ ಏನು? ತೇವ ಹೀರುವ ಯಂತ್ರ ಹಗಲಿಡೀ ಓಡಿಸಿದೆವು. ಬಾಗಿಲ ಸಂದಿಗೆ ಬಟ್ಟೆ ತುರುಕಿದೆವು. ಗೆರೆ ಬಂತು. ಪಟ್ಟಿ ಕಳಿಸಿದ ಕಂಪನಿಯವನಿಗೆ ಫೋನು ಮಾಡಿ ಜಗಳ ಕಾದೆ. ಅವನು ಪಾಪ ಹೊಸ ಕಟ್ಟು ಕಳಿಸಿದ. ಗೆರೆ ಬಂತು. ನೀರು ಬದಲಾಯಿಸಿದೆವು, ದ್ರವ ಬದಲಾಯಿಸಿದೆವು. ಅಕ್ಕ ತಮ್ಮ ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ತಾವೇ ಎಳೆದ ಗೆರೆಯ ಮೇಲೆ ಅನುಮಾನ ಬಂದದ್ದು ಅವರಿಗೆ ನೋವಾಗಿತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಆ ವಾರ ಅವರು ಚಹಾಕ್ಕೆ ನಮ್ಮೊಡನೆ ಕೂರಲಿಲ್ಲ.

ಆಮೇಲೆ ಅವರು ಒಂದು ದಿನ ರಜೆ ಹಾಕಿದರು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಮೊದಲು ಸಮುದ್ರಪೂಜೆ ಇರುತ್ತದೆ. ಹಾಲು, ಹೂವು, ತೆಂಗಿನಕಾಯಿ ಕಡಲಿಗೆ ಬಿಡುತ್ತಾರೆ. ಆ ದಿನ ಅಕ್ಕನ ಮನೆಯಿಂದ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಸೊನ್ನೆ ಇಲ್ಲದ ದಿನ ನಾವು ಸಾಮಾನ್ಯವಾಗಿ ಬೇರೆ ಕೆಲಸ ನೋಡುವುದು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ನನ್ನ ಬೆರಳನ್ನೇ ಚುಚ್ಚಿಕೊಂಡೆ.

ಗೆರೆ ಬರಲಿಲ್ಲ. ಮೇಲಿನ ಗೆರೆಯ ಕೆಳಗೆ ಕಾಗದ ಹಾಲಿನಷ್ಟು ಬಿಳಿ.

ಇನ್ನೊಂದು ಹಾಕಿದೆ. ಬಿಳಿ. ಸರ್‌ ಅವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ಕಿಟಕಿಯ ಹತ್ತಿರ ಹೋಗಿ ನೋಡಿದರು. ರೋಗ ವಾಸಿಯಾಯಿತು ಎಂದು ನಾನು ಕೆಳಗಿನ ಬೇಕರಿಗೆ ಹೋಗಿ ಬಿಸಿ ಬನ್ಸ್ ಕಟ್ಟಿಸಿಕೊಂಡು ಬಂದೆ. ಹೊಲಿಗೆ ಕ್ಲಾಸಿನವರಿಗೂ ಹಂಚಿದೆ. ಅಷ್ಟು ಖುಷಿ.

ಮರುದಿನ ಅಕ್ಕ ಪೂಜೆಯ ಪ್ರಸಾದ ಹಿಡಿದುಕೊಂಡು ಬಂದರು. ಸುದ್ದಿ ಹೇಳಿದೆ. ಅವರ ಮುಖ ಅರಳಿತು. ಕೈ ತೊಳೆದು ಬೆರಳು ಚಾಚಿದರು. ಚಹಾ ಮಾಡಿ ತರುವಷ್ಟರಲ್ಲಿ ಗೆರೆ ಮೂಡಿತ್ತು.

ಈಗ ಯೋಚಿಸಿದರೆ ಆ ಕ್ಷಣಕ್ಕೇ ವಿಷಯ ಮುಗಿಯಬೇಕಿತ್ತು. ನನ್ನ ರಕ್ತಕ್ಕೆ ಇಲ್ಲ, ಅವರ ರಕ್ತಕ್ಕೆ ಉಂಟು. ದಾರಿಯಲ್ಲಿ ಹೋಗುವವರನ್ನು ಕೇಳಿದರೂ ಹೇಳುತ್ತಿದ್ದರು. ಆದರೆ ದಾರಿಯಲ್ಲಿ ಹೋಗುವವರಿಗೆ ಅಕ್ಕ ಸೊನ್ನೆಯಲ್ಲವಲ್ಲ. ಇಷ್ಟು ವರ್ಷ ನಾವು ಎಲ್ಲವನ್ನೂ ಅಳೆದದ್ದು ಅವರಿಂದ. ಅಳತೆಗೋಲನ್ನೇ ಅಳೆಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆಯೇ?

ಸರ್ ಒಂದು ವಿವರಣೆ ಕೊಟ್ಟರು. ಕೆಲವರ ರಕ್ತದಲ್ಲಿ, ಪ್ರಾಣಿಗಳ ಸಹವಾಸದಿಂದಲೋ ಇನ್ನಾವುದರಿಂದಲೋ, ಸ್ಟ್ರಿಪ್ಪನ್ನು ದಾರಿ ತಪ್ಪಿಸುವ ಅಂಶಗಳು ಇರುತ್ತವೆ; ಅದರಿಂದ ಸುಳ್ಳು ಗೆರೆ ಬರಬಹುದು. ಪುಸ್ತಕದ ಪ್ರಕಾರ ಅದು ಸರಿ. ನಾನು ಅದಕ್ಕೆ ನನ್ನ ಬುದ್ಧಿ ಸೇರಿಸಿದೆ.

"ಅಕ್ಕ, ಮೀನು," ಎಂದೆ.

"ಮೀನಿಗೆ ಎಂತ?"

"ದಿನಾ ಬೆಳಿಗ್ಗೆ ಮೀನು ಮುಟ್ಟಿ ಬರ್ತೀರಿ, ಹಸಿಯೋ ಒಣಗಿದ್ದೋ. ಉಪ್ಪು, ಐಸು, ರಕ್ತ, ಎಲ್ಲ ಕೈಯಲ್ಲಿ. ತಿನ್ನುದು ಬೇರೆ ಮೂರು ಹೊತ್ತು."

"ನಾನು ಹುಟ್ಟಿದಾಗಿಂದ ತಿನ್ನುದು ಮಾರಾಯ್ತಿ. ಆಗ ಇಲ್ಲದ ಗೆರೆ ಈಗ ಬರ್ತದಾ?"

"ಒಂದು ವಾರ ಬಿಟ್ಟು ನೋಡುವ."

ಅವರು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಬೋಟುಗಳು ಆಗಷ್ಟೇ ಕಡಲಿಗಿಳಿದಿದ್ದವು. ತಿಂಗಳುಗಟ್ಟಲೆ ಒಣಮೀನಿನಲ್ಲಿ ಕಳೆದ ಮೇಲೆ ತಾಜಾ ಬಂಗುಡೆ ಮನೆಗೆ ಬರುವ ಕಾಲ. ಅಂಥ ಹೊತ್ತಿನಲ್ಲಿ ಉಳ್ಳಾಲದ ಹೆಂಗಸಿಗೆ ಮೀನು ಬಿಡು ಎನ್ನುವವಳು ಮನುಷ್ಯಳೇ ಅಲ್ಲ. ಆದರೂ ಅವರು ಬಿಟ್ಟರು. ಡಬ್ಬಿಯಲ್ಲಿ ತೊಂಡೆಕಾಯಿ ಪಲ್ಯ, ಹರಿವೆ ಸೊಪ್ಪು ತಂದು ನನ್ನೆದುರು ಇಟ್ಟುಕೊಂಡು, ಪ್ರತಿ ತುತ್ತಿಗೂ ನನ್ನ ಮುಖ ನೋಡುತ್ತ ನುಂಗಿದರು. ಮಧ್ಯಾಹ್ನ ತಮ್ಮನ ಫೋನು ಬಂದಾಗ ಅವನ ಗಂಟಲು ಮೇಜಿನ ಈಚೆಗೂ ಕೇಳಿಸಿತು. "ಅಕ್ಕನಿಗೆ ಮೀನು ಬಿಡಿಸಿದ್ದು ಯಾರು? ಅವರನ್ನು ಒಮ್ಮೆ ಬೋಟಿಗೆ ಹತ್ತಿಸಿ ನೋಡುವ." ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಸರ್ ಅನ್ನ ನೆತ್ತಿಗೇರುವಷ್ಟು ನಕ್ಕರು.

ವಾರ ಕಳೆಯಿತು. ಗೆರೆ ಹೋಗಲಿಲ್ಲ. ಮೊದಲಿಗಿಂತ ಒಂದಿಷ್ಟು ಗಟ್ಟಿಯಾದಂತಿತ್ತು. ಅಕ್ಕ ಆ ದಿನವೇ ಹುಳಿಖಾರದ ಬಂಗುಡೆ ಪುಳಿಮುಂಚಿ ತಂದು, ಡಬ್ಬಿಯ ಮುಚ್ಚಳ ತೆಗೆದು, ನನ್ನ ಮೂಗಿನ ಹತ್ತಿರ ಹಿಡಿದು, ಆಮೇಲೆ ಊಟಕ್ಕೆ ಕೂತರು.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ನಾನು ಬೇಗ ಬಂದಿದ್ದೆ. ಮನೆಯಲ್ಲಿ ತಿಂಡಿ ತಿಂದಿರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದಾಗ ಅಕ್ಕ ರಸ್ತೆ ದಾಟುತ್ತಿದ್ದರು. ಬೇಕರಿಯಿಂದ ಏನಾದರೂ ತನ್ನಿ ಎನ್ನಲು ಫೋನು ತೆಗೆದೆ. ಅಷ್ಟರಲ್ಲಿ ಯಾವುದೋ ಮೆಸೇಜ್ ನೋಡುತ್ತ ನಿಂತುಬಿಟ್ಟೆ. ಮತ್ತೆ ಅವರ ನಂಬರು ಒತ್ತಿದಾಗ, ರಿಂಗಾದದ್ದು ನನಗೆ ಫೋನಿನೊಳಗೂ ಕೇಳಿಸಿತು, ಮೆಟ್ಟಿಲಿನಿಂದಲೂ ಕೇಳಿಸಿತು.

ಬಾಗಿಲಿಗೆ ಬಂದು ಕಂಬಿಯ ಮೇಲೆ ಬಗ್ಗಿದೆ. ತಿರುವಿನ ಕಿಟಕಿಯ ಬಳಿ ಅಕ್ಕ ನಿಂತಿದ್ದರು. ಫೋನು ಕಿವಿಗೆ ಹಿಡಿದಿದ್ದರು. ಅದೇ ಫೋನು ಅವರ ಕಿವಿಯಲ್ಲೇ ರಿಂಗಾಗುತ್ತಿತ್ತು.

ಅವರು ಬೆಚ್ಚಿ ಅದನ್ನು ಇಳಿಸಿ ನೋಡಿದರು. ತಕ್ಷಣ ಎತ್ತಲಿಲ್ಲ. ಇನ್ನೊಂದು ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಹೆಗಲು ಏರಿ ಇಳಿಯುತ್ತಿತ್ತು. ರಿಂಗು ಕೊನೆಗೆ ಬರುವವರೆಗೂ ಉಸಿರು ಸರಿಮಾಡಿಕೊಂಡು, ಆಮೇಲೆ ಎತ್ತಿ, ಎಂದಿನ ದನಿಯಲ್ಲಿ ಹೇಳಿದರು:

"ಎಂತ ಮಾರಾಯ್ತಿ, ಬರ್ತಾ ಇದ್ದೇನಲ್ಲ."

"ಬನ್ಸ್ ತರ್ತೀರಾ ಅಂತ ಕೇಳ್ಲಿಕ್ಕೆ," ಎಂದೆ.

"ಈಗ ಹೇಳುದಾ? ನಾನು ಅರ್ಧ ಹತ್ತಿ ಆಯ್ತು."

"ಬೇಡ, ಬಿಡಿ," ಎಂದು ಒಳಗೆ ಬಂದುಬಿಟ್ಟೆ.

ಆ ತಿರುವಿನಿಂದ ತಮ್ಮನ ಗಂಟಲು ನನಗೆ ಒಮ್ಮೆಯೂ ಕೇಳಿಸಿರಲಿಲ್ಲ ಎಂಬುದು ಆಗ ಹೊಳೆಯಿತು. ಅಕ್ಕ ಬಂದು, ಚೀಲ ತೂಗುಹಾಕಿ, ಬೆರಳು ಚಾಚಿದರು. ಚುಚ್ಚಿದೆ. ಹನಿ ಬಿತ್ತು. ಗೆರೆ ಬಂತು. ಇಷ್ಟು ದಿನ ನಾನು ಅದನ್ನು ಮಳೆಯ ಗೆರೆ, ಕಾಗದದ ಗೆರೆ, ಮೀನಿನ ಗೆರೆ ಎಂದು ನೋಡಿದ್ದೆ. ಯಾವುದನ್ನು ಹೇಳಲು ನಾವು ಅದನ್ನು ಮಾಡಿದ್ದೆವೋ ಅದನ್ನೇ ಅದು ಹೇಳುತ್ತಿದೆ ಎಂದು ಮೊದಲ ಸಲ ನೋಡಿದೆ.

ಅಕ್ಕ ಒಳಕೋಣೆಗೆ ಹೋದ ಮೇಲೆ ಸರ್‌ಗೆ ಹೇಳಿದೆ. ಅವರು ಬೆಳಗಿನ ಸ್ಟ್ರಿಪ್ಪನ್ನು ಕೈಗೆತ್ತಿಕೊಂಡು ನೋಡಿದರು.

"ಈ ಸ್ಟ್ರಿಪ್ ನೋಡಿ ನಿಮಗೆ ಹೃದಯದ ತೊಂದರೆ ಇದೆ ಅಂತ ಯಾರಿಗೂ ಹೇಳೋ ಹಾಗಿಲ್ಲಮ್ಮ," ಎಂದರು. "ಇನ್ನೂ ಇದನ್ನ ನಾವೇ ನಂಬ್ತಿಲ್ಲ. ಸುಮ್ಮನೆ ಹೆದರಿಸಿದ ಹಾಗಾಗುತ್ತೆ."

"ಇದ್ದರೆ ಸರ್?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸ್ಟ್ರಿಪ್ ವಿಷಯ ಬಿಡಿ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತೆ ಅನ್ನೋದೇ ಸಾಕಲ್ಲ. ನಾಳೇನೇ ಕರ್ಕೊಂಡು ಹೋಗಿ. ನೀವೇ ಹೇಳಿ. ನಾನು ಹೇಳಿದ್ರೆ ಅವರು ನಕ್ಕುಬಿಡ್ತಾರೆ."

ಅಕ್ಕ ಸ್ಟ್ರಿಪ್ಪುಗಳನ್ನು ಪೊಟ್ಟಣಕ್ಕೆ ಹಾಕಿ ಅಂಟಿಸುತ್ತಿದ್ದರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಕೈ ಸೇರಿಸಿದೆ. ಹೇಗೆ ಶುರುಮಾಡುವುದೆಂದು ಗೊತ್ತಾಗಲಿಲ್ಲ. ನನಗೆ ಜಗಳ ಬರುತ್ತದೆ, ಇಂಥ ಮಾತು ಬರುವುದಿಲ್ಲ.

"ಅಕ್ಕ, ನಾಳೆ ಆಸ್ಪತ್ರೆಗೆ ಹೋಗಿ ಒಂದು ಎಕೋ ಸ್ಕ್ಯಾನ್ ಮಾಡಿಸಿಕೊಂಡು ಬರುವ," ಎಂದೆ.

"ಯಾರಿಗೆ?"

"ನಿಮಗೆ."

"ಗೆರೆಗೆ ಹೆದರಿದಿಯಾ?"

"ಗೆರೆಗಲ್ಲ, ಮೆಟ್ಟಿಲಿಗೆ."

ಅವರ ಕೈ ನಿಂತಿತು. ಅಂಟಿಸುವ ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು.

"ಅಲ್ಲಿ ಫೋನಲ್ಲಿ ಯಾರೂ ಇರುದಿಲ್ಲ, ಅಲ್ವಾ ಅಕ್ಕ?"

"ಸುಮ್ಮನೆ ನಿಂತ್ರೆ ಎಲ್ಲರೂ ಎಂತಾಯ್ತು ಅಂತ ಕೇಳ್ತಾರೆ," ಎಂದರು ಅವರು, ಪೊಟ್ಟಣದ ಕಡೆಗೇ ನೋಡುತ್ತ. "ಫೋನು ಹಿಡ್ಕೊಂಡ್ರೆ ಯಾರೂ ಕೇಳುದಿಲ್ಲ. ಆ ಹೊಲಿಗೆ ಕ್ಲಾಸಿನ ಹೆಣ್ಣುಮಕ್ಕಳು ಬದಿಗೆ ಸರಿದು ಹೋಗ್ತಾರೆ."

"ಎಷ್ಟು ಸಮಯ ಆಯ್ತು?"

"ಪ್ರಾಯ ಆಯ್ತು ಅಂತ ಎಣಿಸಿದೆ. ಬೊಜ್ಜು ಅಂತ ಎಣಿಸಿದೆ. ಮಲಗುವಾಗ ಎರಡು ದಿಂಬು ಬೇಕು ಈಗ. ಅದು ಸೆಕೆಗೆ ಅಂತ ಮನೆಯಲ್ಲಿ ಹೇಳಿದ್ದೇನೆ."

ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಹೃದಯದ ಸ್ಟ್ರಿಪ್ ಮಾಡುವ ಲ್ಯಾಬಿನಲ್ಲಿ ಕೂತು ಈ ಹೆಂಗಸು ಉಸಿರನ್ನು ಮುಚ್ಚಿಟ್ಟುಕೊಂಡಿದ್ದಾರಲ್ಲ ಎಂದು ಬಾಯಿಗೆ ಬಂದದ್ದನ್ನು ಅಂದೆ. ಅವರು ತಿರುಗಿ ಬೈಯಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಮರುದಿನ ನನ್ನ ಸ್ಕೂಟರಿನಲ್ಲಿ ಹೋದೆವು. ಅಕ್ಕನ ತಮ್ಮ, ಬೋಟುಗಳು ಬಂದು ನಿಲ್ಲುವ ಧಕ್ಕೆಯಿಂದ ನೇರವಾಗಿ ಬಂದಿದ್ದ. ಅಂಗಿಗೆ ಮೀನಿನ ವಾಸನೆ, ಪ್ಯಾಂಟಿನ ಅಂಚು ಒದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ನನ್ನೊಡನೆ ಮಾತಾಡಿದ ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಎರಡು ಸಲ ಏನು ಎಂದು ಕೇಳಬೇಕಾಯಿತು.

ಎಕೋ ಕೋಣೆಯ ಹೊರಗೆ ಸರದಿ ಉದ್ದವಿತ್ತು. ಅವನು ನೀರು ತರಲು ಹೋದಾಗ ಅಕ್ಕ ನನ್ನ ಕಡೆ ತಿರುಗಿದರು.

"ನನಗೆ ಮೊದಲೇ ಗೊತ್ತಿತ್ತು," ಎಂದರು. "ನೀನು ಪಟ್ಟಿ ಬದಲಾಯಿಸುವಾಗಲೇ. ಆ ಗೆರೆ ಎಳೆದದ್ದು ನಾನಲ್ಲವಾ? ನನ್ನ ಯಂತ್ರ ಸರಿ ಉಂಟು ಅಂತ ನನಗೆ ಗೊತ್ತಿರುದಿಲ್ಲವಾ?"

"ಮತ್ತೆ ಯಾಕೆ ಹೇಳಲಿಲ್ಲ? ಮೀನು ಬಿಟ್ಟು ಕೂತಿರಲ್ಲ?"

"ಮೀನೇ ಆಗಿರಲಿ ಅಂತ ಬಿಟ್ಟದ್ದು." ಅವರು ಸ್ವಲ್ಪ ನಕ್ಕರು. "ಸ್ಟ್ರಿಪ್ ಹಾಳಾಗಿರಲಿ ದೇವರೇ ಅಂತ ಬೇಡಿಕೊಳ್ತಿದ್ದೆ. ಮತ್ತೆ ನಿನ್ನ ಮುಖ ನೋಡಿದ್ರೆ, ಅಯ್ಯೋ ಇವಳ ಇಷ್ಟು ವರ್ಷದ ಕೆಲಸ, ಸ್ಟ್ರಿಪ್ ಸರಿಯಾಗಿರಲಿ ಅಂತ ಬೇಡಿಕೊಳ್ತಿದ್ದೆ. ದೇವರಿಗೂ ತಲೆ ಕೆಟ್ಟಿರಬೇಕು."

ಸರದಿ ಸರಿಯಿತು, ನಾವು ಬೆಂಚಿನ ಮೇಲೆ ಒಂದು ಜಾಗ ಮುಂದೆ ಸರಿದು ಕೂತೆವು.

"ಈಗ ಒಳಗೆ ಎಂತ ಇಲ್ಲ ಅಂತ ಬಂದ್ರೆ ನನ್ನ ಗೆರೆ ಸುಳ್ಳಾಗ್ತದೆ," ಎಂದರು.

"ಸುಳ್ಳಾಗಲಿ," ಎಂದೆ.

ಅದು ನನ್ನ ಮನಸ್ಸಿನಿಂದ ಬಂದ ಮಾತು. ಆ ಸ್ಟ್ರಿಪ್ಪಿಗಾಗಿ ನಾನು ಜಗಳವಾಡಿದ್ದೇನೆ, ಹಬ್ಬ ಬಿಟ್ಟಿದ್ದೇನೆ, ಅಮ್ಮನಿಂದ ಬೈಸಿಕೊಂಡಿದ್ದೇನೆ. ಅದು ಒಮ್ಮೆಯಾದರೂ ನಿಜ ಹೇಳಲಿ ಎಂದು ಮೂರು ವರ್ಷ ಕಾದಿದ್ದೇನೆ. ಆ ಬೆಂಚಿನ ಮೇಲೆ ಕೂತಾಗ ಅದೆಲ್ಲ ಬೂದಿಯಾಗಿ ಹೋಗಲಿ, ಈ ಗೆರೆ ಒಂದು ಹಸೀ ಸುಳ್ಳಾಗಿರಲಿ ಎಂದು ಬೇಡಿಕೊಂಡೆ. ಅಕ್ಕ ನನ್ನ ಕೈ ಹಿಡಿದುಕೊಂಡರು. ಚುಚ್ಚಿ ಚುಚ್ಚಿ ಒರಟಾದ ಆ ಉಂಗುರಬೆರಳು ನನ್ನ ಅಂಗೈಗೆ ತಾಗಿತು.

ಗೆರೆ ಸುಳ್ಳಾಗಿರಲಿಲ್ಲ.

ಡಾಕ್ಟರು ನಿಧಾನವಾಗಿ, ಹೆದರಿಸದೆ ಹೇಳಿದರು. ಹೃದಯದ ಎಡಭಾಗದ ಒಂದು ಕವಾಟ ಗಟ್ಟಿಯಾಗಿ, ಬಾಯಿ ಕಿರಿದಾಗಿದೆ. ರಕ್ತ ಅದರೊಳಗೆ ಕಷ್ಟಪಟ್ಟು ದಾಟುತ್ತಿದೆ. ಚಿಕ್ಕವರಿದ್ದಾಗ ಜ್ವರ ಬಂದು ಕೀಲುಗಳು ಊದಿಕೊಂಡಿದ್ದವೇ ಎಂದು ಕೇಳಿದರು. ಅಕ್ಕ ಹೌದೆಂದರು. ಒಂದು ಮಳೆಗಾಲ ಇಡೀ ಶಾಲೆಗೆ ಹೋಗಿರಲಿಲ್ಲವಂತೆ. ವಾತ ಎಂದು ಎಣ್ಣೆ ತಿಕ್ಕಿದ್ದರಂತೆ. ಆಗ ಶುರುವಾದದ್ದು ಅಷ್ಟು ವರ್ಷ ಸದ್ದಿಲ್ಲದೆ ಬೆಳೆದು, ಇತ್ತೀಚೆಗೆ ಬಿಗಿಯಾಗುತ್ತ ಬಂದಿತ್ತು. ಇನ್ನೂ ತಡವಾಗಿಲ್ಲ ಎಂದರು. ತೊಡೆಯ ರಕ್ತನಾಳದಿಂದ ಒಂದು ಪುಟ್ಟ ಬಲೂನು ಕಳಿಸಿ ಆ ಬಾಯಿಯನ್ನು ಅಗಲ ಮಾಡಬಹುದು.

"ಬಲೂನಾ?" ಎಂದು ತಮ್ಮ ಕೇಳಿದ. ಯಾರೂ ನಗಲಿಲ್ಲ, ಅಕ್ಕ ಮಾತ್ರ ನಕ್ಕರು.

ಬಲೂನು ಹಾಕಿದ ದಿನ ಸರ್ ಲ್ಯಾಬಿಗೆ ಬೀಗ ಹಾಕಿ ಆಸ್ಪತ್ರೆಗೆ ಬಂದು ಕೂತಿದ್ದರು. ಎಲ್ಲ ಸಲೀಸಾಗಿ ಆಯಿತು. ಆಮೇಲಿನ ವಾರಗಳಲ್ಲಿ ಲ್ಯಾಬಿನಲ್ಲಿ ಇದ್ದದ್ದು ನಾವಿಬ್ಬರೇ. ಬೆಳಿಗ್ಗೆ ಚಾಚಲು ಬೆರಳಿರಲಿಲ್ಲ. ಈಗ ನಮ್ಮಲ್ಲಿ ಸೊನ್ನೆ ಎಂದು ಒಬ್ಬರಿಲ್ಲ; ಹಲವರಿದ್ದಾರೆ, ಅವರೆಲ್ಲರ ರಕ್ತವನ್ನೂ ಆಗಾಗ ದೊಡ್ಡ ಯಂತ್ರಕ್ಕೆ ಕೊಟ್ಟು ನೋಡುತ್ತೇವೆ. ಹಣ ಕೊಟ್ಟವರು ಬಂದಾಗ ಸರ್ ಈ ಸಂಗತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು, ಒಬ್ಬರಿಂದ ಏನೂ ಸಾಬೀತಾಗುವುದಿಲ್ಲ ಎಂಬ ಮಾತನ್ನೂ ಸೇರಿಸಿ. ಅವರು ಇನ್ನೊಂದು ವರ್ಷ ಮುಂದುವರಿಸಿ ಎಂದರು. ನನಗೆ ಖುಷಿಯಾಯಿತು, ಆದರೆ ಬನ್ಸ್ ತರುವಷ್ಟು ಅಲ್ಲ. ಇದನ್ನು ಬರೆಯುತ್ತೇನೆ ಎಂದಾಗ ಅಕ್ಕ, "ಬರಿ, ಆದ್ರೆ ಹೆಸರು ಹಾಕ್ಬೇಡ, ಧಕ್ಕೆಯಲ್ಲೆಲ್ಲ ಗೊತ್ತಾಗ್ತದೆ," ಎಂದಿದ್ದಾರೆ.

ಅವರು ಕೆಲಸಕ್ಕೆ ಮರಳುವ ದಿನ ನಾನು ಸ್ಕೂಟರಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದೆ. ಬೇಡವೆಂದರು. ಕೆಳಗೆ ನಿಂತಿರುತ್ತೇನೆ ಎಂದೆ. ಅದಕ್ಕೂ ಬೈದರು. ಕಿಟಕಿಯಲ್ಲಿ ನಿಂತು ಕಾದೆ. ಅಕ್ಕ ಬಸ್ಸಿಳಿದರು, ರಸ್ತೆ ದಾಟಿದರು, ಬೇಕರಿಯ ಮುಂದೆ ಮರೆಯಾದರು. ನಾನು ಬಾಗಿಲಿಗೆ ಬಂದು ಕಿವಿ ಕೊಟ್ಟು ನಿಂತೆ. ಚಪ್ಪಲಿಯ ಸದ್ದು ಹೊಲಿಗೆ ಕ್ಲಾಸಿನವರೆಗೆ ಒಂದೇ ಸಮನೆ ಬಂತು. ಅಲ್ಲಿಂದ ತಿರುವಿಗೆ ಬಂತು. ಅಲ್ಲಿ ನಿಂತಿತು.

ಕಂಬಿಯ ಮೇಲೆ ಬಗ್ಗಿ ನೋಡಿದೆ. ಅಕ್ಕ ಅದೇ ಕಿಟಕಿಯ ಬಳಿ, ಅದೇ ಜಾಗದಲ್ಲಿ ನಿಂತಿದ್ದರು. ಕೈಯಲ್ಲಿ ಫೋನಿತ್ತು. ಇಳಿದು ಓಡೋಣವೆಂದು ಒಂದು ಮೆಟ್ಟಿಲಿಗೆ ಕಾಲಿಟ್ಟೆ.

ಆಗ ಕೇಳಿಸಿತು. ಗೋಡೆಯಿಂದ ಗೋಡೆಗೆ ಬಡಿಯುವ ಆ ಗಂಟಲು, ಬಂಗುಡೆಗೆ ಇವತ್ತು ಧಕ್ಕೆಯಲ್ಲಿ ರೇಟೇ ಇಲ್ಲವೆಂದು ಯಾರನ್ನೋ ಬೈಯುತ್ತಿತ್ತು. ಅಕ್ಕ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡಿದ್ದರು. ನನ್ನನ್ನು ನೋಡಿ, ಇವನ ಕಾಟ ನೋಡು ಎಂಬಂತೆ ಮುಖ ಮಾಡಿ, ಮಾತಾಡುತ್ತಲೇ ಉಳಿದ ಮೆಟ್ಟಿಲು ಹತ್ತಿ ಬಂದರು.